ತಂಗಿಯ ಕನಸಿನ ಕೊನೆಯ ಸಾಲು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.40

"ಕತ್ತರಿ ಕೆಳಗಿಡು ಮಗಳೇ, ಇದು ಹರಿದ ಬಟ್ಟೆಯಲ್ಲ."

ಹೀಗೇ ಇತ್ತೇ? 'ಕೆಳಗಿಡು'ವೋ, 'ಕೆಳಗಿಟ್ಟುಬಿಡು'ವೋ? 'ಮಗಳೇ' ನಿಜಕ್ಕೂ ಇತ್ತೇ? ಹಲ್ಲುಜ್ಜುವಾಗ ನೆನಪಾಯಿತು, ಅರ್ಧಂಬರ್ಧ. ತಂಗಿಯ ಕನಸಿನ ಕೊನೆಯ ಸಾಲು. ಹೋದ ಮಾರ್ಚಿನಲ್ಲಿ ನಾನೇ ಕೈಯಾರೆ ಬರೆದದ್ದು. ವಿಚಿತ್ರವೆಂದರೆ ಅವಳ ದನಿಯಲ್ಲಿ ಅದು ಕೇಳಿಸುತ್ತಲೇ ಇಲ್ಲ. ಎಷ್ಟು ಸಲ ಮನಸ್ಸಿನಲ್ಲಿ ಹೇಳಿಸಿದರೂ ನನ್ನ ದನಿಯೇ. ಬುಧವಾರ ಎದ್ದು ನಿಂತು ಓದುವ ದನಿ.

ಅವಳು 'ಮಗಳೇ' ಅನ್ನುವವಳೇ ಅಲ್ಲ...

ಬಸ್ಸಿಗೆ ಹೊತ್ತಾಯಿತು.

ಫೆಬ್ರವರಿ 5, ಬುಧವಾರ. ಸಂಜೆ

ಕನಸಿನ ಕೂಟ ಮುಗಿಸಿ ಬಂದೆ. ಚರ್ಚಿನ ಹಿಂಬದಿಯ ಕೋಣೆ, ಹದಿನಾಲ್ಕು ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ಚಹಾ. ಎಲ್ಲ ಎಂದಿನಂತೆ. ನನ್ನ ಪಕ್ಕದ ಕುರ್ಚಿಯಲ್ಲಿ ಈಗಲೂ ಯಾರೂ ಕೂರುವುದಿಲ್ಲ. ಅಲ್ಲಿ ಕೋಟು, ಚೀಲ ಇಡುತ್ತಾರೆ.

ಕೂಟಕ್ಕೆ ಇಪ್ಪತ್ತೈದು ವರ್ಷವಾಯಿತಂತೆ. ದೊಡ್ಡಮ್ಮನಿಗೆ ಒಂದು ಪುಸ್ತಕ ಅಚ್ಚು ಹಾಕಿಸುವ ಆಸೆ. ಕೂಟ ಶುರು ಮಾಡಿದ್ದೇ ಅವರು, ನಮಗೆಲ್ಲ ದೊಡ್ಡಮ್ಮ. ನಿವೃತ್ತ ಹೆಡ್‌ಮಿಸ್ಟ್ರೆಸ್, ಪಾಸ್ಟರೂ ಅವರೆದುರು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ನಲವತ್ತು ಕನಸು ಆರಿಸು. ಮೊದಲನೇದು ನಿನ್ನ ತಂಗೀದೇ ಇರಲಿ," ಅಂದರು. "ಎಂಥಾ ಮಾತು ಕೊಟ್ಟ ಕರ್ತ ಅವಳಿಗೆ! ಕೊನೇವರೆಗೂ ನೆಮ್ಮದಿಯಾಗಿದ್ಲು ಮಗು."

ಎಲ್ಲರೂ ತಲೆಯಾಡಿಸಿದರು. ನಾನೂ.

ಮುನ್ನುಡಿಗೆ ಕೂಟದ ನಿಯಮಗಳನ್ನು ಬರೆದುಕೊಡಬೇಕು. ಕರಡು ಇಲ್ಲೇ ಮಾಡಿಕೊಳ್ಳುತ್ತೇನೆ:

ಕನಸು ಕಂಡವಳು ಅದೇ ಬೆಳಿಗ್ಗೆ, ಬೇರೆ ಯಾರಿಗೂ ಹೇಳುವ ಮೊದಲು, ಬರೆಯುವವಳಿಗೆ ಹೇಳಬೇಕು. ಬರೆಯುವವಳು ಕೂಟದ ಪುಸ್ತಕಕ್ಕೆ ಇಳಿಸಬೇಕು. ಬುಧವಾರ ಅದನ್ನು ಓದುವವಳೂ ಅವಳೇ. ಓದುವಾಗ, ಉಳಿದವರು ಪ್ರಾರ್ಥಿಸಿ ಅರ್ಥ ಹುಡುಕುವಾಗ, ಕನಸು ಕಂಡವಳು ಬಾಯಿ ತೆರೆಯಕೂಡದು. ಕೇಳುವವರ ಮುಖ ನೋಡಿ ಕನಸನ್ನು ಹಿಗ್ಗಿಸಬಾರದು, ಅದಕ್ಕೆ. ಒಮ್ಮೆ ಓದಿಯಾದ ಮೇಲೆ ಪುಸ್ತಕದಲ್ಲಿದ್ದದ್ದೇ ಕನಸು.

ಒಂಬತ್ತು ವರ್ಷದಿಂದ ಬರೆಯುವವಳು ನಾನು. "ಎಂ.ಎ. ಓದಿದವಳು, ಅಕ್ಷರ ಮುತ್ತಿನಂಥದ್ದು" ಎಂದು ನನ್ನನ್ನು ಆರಿಸಿದ್ದು.

ಬಾಯಿ ತೆರೆಯಕೂಡದು — ಇದನ್ನು ಬರೆಯುವಾಗ ಕೈ ಯಾಕೋ ನಿಂತಿತು.

ಫೆಬ್ರವರಿ 8, ಶನಿವಾರ. ಮಧ್ಯಾಹ್ನ

ಮೆಟ್ಟಿಲ ಮೇಲೆ ಎದುರುಮನೆಯವಳು ಸಿಕ್ಕಳು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ನಸುಕಿಗೆ ಹೋಗಿ ಮಧ್ಯಾಹ್ನ ಬರುತ್ತಾಳೆ, ಹುಬ್ಬಿನ ಮೇಲೆ ಹಿಟ್ಟು ಇದ್ದೇ ಇರುತ್ತದೆ.

"ಏನ್ರೀ ಪಂಡಿತಮ್ಮ, ಲಿಫ್ಟಲ್ಲಿ ಬೋರ್ಡ್ ಹಾಕಿದಾರೆ, ಮೂರು ತಪ್ಪಿದೆಯಂತೆ. ನಿಮಗೆ ನಿದ್ದೆ ಬಂತಾ?"

"ನಾಲ್ಕು," ಅಂದೆ. ಅಚ್ಚಾಗುವ ಮುನ್ನ ಪ್ರೂಫ್ ನೋಡಿ ತಪ್ಪು ಹುಡುಕುವುದೇ ನನ್ನ ಕೆಲಸ.

"ಅಯ್ಯೋ ಶಿವನೇ! ಎಣಿಸಿಬಿಟ್ಟಿದಾರೆ!" ಜೋರಾಗಿ ನಕ್ಕಳು. ಆಮೇಲೆ ನಮ್ಮ ಬಾಗಿಲ ಸಂದಿಯಿಂದ ಕಾಣುವ ಹೊಲಿಗೆ ಯಂತ್ರದ ಕಡೆ ಕಣ್ಣು ಹೋಯಿತು. ನಗು ಅಲ್ಲಿಗೇ ನಿಂತಿತು.

ಅವಳಿಗೆಂದು ತಂಗಿ ಹೊಲಿಯುತ್ತಿದ್ದ ಕೋಟು ಇಲ್ಲೇ ಇದೆ. ಬೂದು ಉಣ್ಣೆ. ಒಂದು ತೋಳು ಜೋಡಿಸಿದೆ, ಇನ್ನೊಂದು ಪಿನ್ನಿನಲ್ಲಿ ನೇತಾಡುತ್ತಿದೆ. ತಂಗಿ ಹೋದ ಮೇಲೆ ಒಂದು ಚಳಿಗಾಲವೇ ಕಳೆಯಿತು, ಇವಳು ಹಳೆ ಶಾಲು ಹೊದ್ದು ಕೆಲಸಕ್ಕೆ ಹೋದಳು. ಒಮ್ಮೆಯೂ ಕೇಳಲಿಲ್ಲ. ನಾನೂ ಕೊಡಲಿಲ್ಲ.

ಕೊಟ್ಟರೆ ಯಂತ್ರದ ಮೇಲೆ ಏನೂ ಉಳಿಯುವುದಿಲ್ಲ.

ಫೆಬ್ರವರಿ 9, ಭಾನುವಾರ

ಆರಾಧನೆ ಮುಗಿದ ಮೇಲೆ ಆರ್ಗನ್ ನುಡಿಸುವ ಹುಡುಗಿ ಹತ್ತಿರ ಬಂದಳು. ಹುಡುಗಿ ಅನ್ನುತ್ತೇನೆ, ಮೂವತ್ತನಾಲ್ಕು ವರ್ಷ. ಕುತ್ತಿಗೆಗೆ ಸ್ಕಾರ್ಫ್. ಗಂಟಲಲ್ಲಿ ಗಡ್ಡೆಯಂತೆ, ತೆಗೆಸಲೇಬೇಕು ಅಂದಿದ್ದಾರಂತೆ ಡಾಕ್ಟರು. ಮಾರ್ಚ್ 18ಕ್ಕೆ ತಾರೀಖು ಕೊಟ್ಟಿದ್ದಾರೆ.

"ಹಾಡೋಕೆ ಆಗದೆ ಹೋದ್ರೆ ಅಕ್ಕ?"

"ಹಾಗೇನೂ ಆಗಲ್ಲ."

"ನಿಮ್ಮ ತಂಗಿ ಕನಸು ದೊಡ್ಡಮ್ಮ ಮತ್ತೆ ಓದಿ ಹೇಳಿದ್ರು. ಕತ್ತರಿ ಕೆಳಗಿಡು ಮಗಳೇ... ನನಗೇ ಹೇಳಿದ ಹಾಗಾಯ್ತು. ಬರೆದು ಆರ್ಗನ್ ಮೇಲೆ ಅಂಟಿಸ್ಕೊಂಡಿದೀನಿ. ನಾನೂ ಕಾಯ್ಲಾ ಅಂತ..."

ನಾನು ಏನು ಹೇಳಿದೆ? ಪ್ರಾರ್ಥನೆ ಮಾಡು ಅಂದೆ. ಅದೊಂದು ಮಾತು ಎಲ್ಲದಕ್ಕೂ ಆಗಿಬರುತ್ತದೆ.

ಹೋದ ವರ್ಷ ತಂಗಿಗೂ ತಾರೀಖು ಕೊಟ್ಟಿದ್ದರು. ಏಪ್ರಿಲ್ 9. ಹೃದಯದ ವಾಲ್ವ್ ಬದಲಾಯಿಸಬೇಕು, ಇನ್ನು ತಡ ಮಾಡಬೇಡಿ ಅಂದಿದ್ದರು. ಆಗ ಬಿತ್ತು ಆ ಕನಸು. ಬುಧವಾರ ಓದಿದೆ. ಕೂಟ ಅರ್ಥ ಹೇಳಿತು: ಕತ್ತರಿ ಬೇಡ, ಕಾಯಬೇಕು. ತಂಗಿ ಆಸ್ಪತ್ರೆಗೆ ಫೋನ್ ಮಾಡಿ ತಾರೀಖು ಬಿಟ್ಟುಕೊಟ್ಟಳು. ಅಕ್ಟೋಬರಿನ ಒಂದು ಗುರುವಾರ, ಹಗಲು ಹನ್ನೊಂದಕ್ಕೆ, ಯಂತ್ರದ ಮುಂದೆ ಕೂತವಳು ಹಾಗೇ ತಲೆ ವಾಲಿಸಿದಳಂತೆ. ನಾನು ಆಫೀಸಿನಲ್ಲಿದ್ದೆ. ಕಂಡಿದ್ದು ಎದುರುಮನೆಯವಳು.

ನಲವತ್ತನಾಲ್ಕು ವರ್ಷ.

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 7

ರಜೆ ಹಾಕಿದೆ. ಪುಸ್ತಕದ ಕೆಲಸ ಮುಗಿಸೋಣವೆಂದು ಬಿಸ್ಕತ್ತಿನ ಡಬ್ಬಿ ತೆಗೆದೆ. ಕನಸುಗಳನ್ನು ಮೊದಲು ಆಫೀಸಿನ ಹಳೆ ಪ್ರೂಫಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುತ್ತೇನೆ. ಆಮೇಲೆ ಪುಸ್ತಕಕ್ಕೆ, ಇಂಕಿನಲ್ಲಿ. ಚೀಟಿಗಳೆಲ್ಲ ಡಬ್ಬಿಯಲ್ಲಿ.

ಸಿಕ್ಕಿತು. ಇದ್ದದ್ದು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ.

'ಮಿಷಿನ್ ಮುಂದೆ ಕೂತಿದ್ದೆ. ಎದುರಿಗೆ ಯಾರೋ. ಬೂದು ಅಂಗಿ. ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಕತ್ತರಿ ನನ್ನ ಕೈಲಿತ್ತು. ಏನೋ ಹೇಳಿದ. ಕೇಳಿಸ್ಲಿಲ್ಲ. ಎಚ್ಚರ ಆಯ್ತು.'

ಅಷ್ಟೇ.

ಕೂಟದ ಪುಸ್ತಕ ತೆಗೆದು ಅದರ ಪಕ್ಕದಲ್ಲಿಟ್ಟೆ. ಅಲ್ಲಿ ಬೂದು ಅಂಗಿ 'ಬೆಳಕಿನಂಥ ಬಿಳಿಯ ನಿಲುವಂಗಿ' ಆಗಿದೆ. 'ಯಾರೋ' ಎಂಬುದು 'ಒಬ್ಬಾತ' ಆಗಿದೆ. ಕೊನೆಗೆ, ಕೇಳಿಸಲಿಲ್ಲ ಎಂದು ಇರಬೇಕಾದಲ್ಲಿ —

ಅದು.

ಫೆಬ್ರವರಿ 20, ಗುರುವಾರ

ಒಂಬತ್ತು ದಿನ ಏನೂ ಬರೆಯಲಿಲ್ಲ. ಬರೆಯುವ ಕೈಯ ಮೇಲೆ ನಂಬಿಕೆ ಹೋಗಿದೆ.

ಇಂದು ಆಫೀಸಿನಲ್ಲಿ ಎಂಟನೇ ತರಗತಿಯ ಭೂಗೋಳದ ಪ್ರೂಫು. ಒಂದು ವಾಕ್ಯಕ್ಕೆ ಬಾಲವೇ ಇಲ್ಲ: 'ನದಿಯು ಸಮುದ್ರವನ್ನು ಸೇರುವ ಮುನ್ನ'. ಅಲ್ಲಿಗೆ ನಿಂತಿದೆ. ಕೆಂಪು ಪೆನ್ನು ತಾನಾಗಿಯೇ ಮುಂದೆ ಹೋಯಿತು. 'ಕವಲೊಡೆಯುತ್ತದೆ' ಎಂದು ಬರೆಯಲು 'ಕ' ಗೀಚಿಯೂ ಆಗಿತ್ತು.

ಪಕ್ಕದ ಮೇಜಿನ ಹಿರಿಯರು ಕನ್ನಡಕದ ಮೇಲಿಂದ ನೋಡಿದರು. ಮೂವತ್ತೆಂಟು ವರ್ಷದಿಂದ ಪ್ರೂಫ್ ನೋಡುತ್ತಿರುವವರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿದ್ದನ್ನೇ ಹೇಳಿದರು.

"ಸಂಶಯ ಬಂದ್ರೆ ಅಂಚಿನಲ್ಲಿ ಪ್ರಶ್ನೆ ಹಾಕು ತಾಯಿ. ಒಳಗೆ ಕೈ ಹಾಕ್ಬೇಡ. ಬರೆದೋನು ಬದುಕಿದಾನಲ್ಲ, ಅವನೇ ಹೇಳ್ತಾನೆ."

ಎದ್ದು ಬಾತ್‌ರೂಮಿಗೆ ಹೋದೆ. ನಲ್ಲಿ ಬಿಟ್ಟುಕೊಂಡು ಅತ್ತೆ.

ಕೇಳಬಹುದಿತ್ತು. ಬರೆಸಿದವಳು ಪಕ್ಕದ ಕೋಣೆಯಲ್ಲೇ ಇದ್ದಳು. ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಾ, ಕೆಮ್ಮುತ್ತಾ, ನನಗಿಂತ ಚೆನ್ನಾಗಿ ಬದುಕಿದ್ದಳು.

ಫೆಬ್ರವರಿ 23, ಭಾನುವಾರ. ಮಧ್ಯಾಹ್ನ

ಚರ್ಚಿಗೆ ಹೋಗಲಿಲ್ಲ.

ಯಾಕೆ ಬರೆದೆ? ಎರಡು ವಾರದಿಂದ ನನಗೆ ನಾನೇ ಹೇಳಿಕೊಳ್ಳುತ್ತಿರುವುದು: ಕವಿತೆ ಓದುವ ಚಾಳಿ. ಕೊನೆಗೊಂದು ಸಾಲಿಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ. ಚೆಂದಕ್ಕೆ ಬರೆದೆ, ಪಾಪ, ಅಷ್ಟೇ.

ಚೆಂದಕ್ಕೆ ಬರೆದೆ ಅನ್ನುವುದೂ ತಿದ್ದುಪಡಿಯೇ.

ಅಮ್ಮ ಆಪರೇಷನ್ ಕೋಣೆಗೆ ನಡೆದುಕೊಂಡೇ ಹೋಗಿದ್ದಳು. ಬಾಗಿಲಲ್ಲಿ ತಿರುಗಿ, ಮನೆಯಲ್ಲಿ ಗ್ಯಾಸ್ ಆಫ್ ಮಾಡಿದ್ದೀರಾ ಅಂತ ಕೇಳಿದಳು. ಅದೇ ಕೊನೆ. ನನಗೆ ಇಪ್ಪತ್ತೆರಡು, ತಂಗಿಗೆ ಹದಿನೆಂಟು. ಆ ಬೆಂಚಿನ ಮೇಲೆ ಇಬ್ಬರೂ ಕೈ ಹಿಡಿದು ಕೂತಿದ್ದೆವು. ಇನ್ನೊಮ್ಮೆ ಅಂಥ ಬೆಂಚಿನ ಮೇಲೆ, ಈ ಸಲ ಒಬ್ಬಳೇ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ನನಗೆ ಆ ಸಾಲು ಬೇಕಾಗಿತ್ತು. ಕನಸಿನಲ್ಲಿದ್ದವನು ಏನು ಹೇಳಬೇಕೆಂದು ನನಗೆ ಆಸೆಯಿತ್ತೋ ಅದನ್ನೇ ಅವನ ಬಾಯಿಗೆ ಹಾಕಿದೆ.

ಮತ್ತೆ ಅದೇ ಆಸೆಗೆ ಎಲ್ಲರೂ ಆಮೆನ್ ಅಂದಾಗ ನಾನೂ ನಂಬಿದೆ. ಇದು ಬರೆಯಲು ಕಷ್ಟ. ನಿಜವಾಗಿಯೂ ನಂಬಿದೆ. ಬರೆದವಳು ನಾನೆಂಬುದೇ ಮರೆತುಹೋಯಿತು. ಮರೆಯುವುದು ಅಷ್ಟು ಸುಲಭವಿತ್ತು.

ಫೆಬ್ರವರಿ 26, ಬುಧವಾರ

ತಲೆನೋವು ಅಂತ ಮೆಸೇಜ್ ಹಾಕಿದೆ. ದೊಡ್ಡಮ್ಮನ ಫೋನು ಬಂತು.

"ಪುಸ್ತಕ ಎಲ್ಲಿಗೆ ಬಂತು?"

"ನಡೀತಿದೆ ದೊಡ್ಡಮ್ಮ."

"ಆರ್ಗನ್ ಹುಡುಗಿಗೆ ಮೊನ್ನೆ ನಿನ್ನ ತಂಗಿ ಕನಸಲ್ಲಿ ಬಂದಿದ್ಲಂತೆ. ನಗ್ತಾ ಇದ್ಲಂತೆ. ಮುಂದಿನ ಬುಧವಾರ ಬಂದಾಗ ಬರ್ಕೋ."

ಅವಳ ಕನಸಿಗೆ ಬಂದಿದ್ದಾಳೆ. ದೊಡ್ಡಮ್ಮನ ಕನಸಿಗೂ ಡಿಸೆಂಬರಿನಲ್ಲಿ ಬಂದಿದ್ದಳು. ನನ್ನಲ್ಲಿಗೆ ಮಾತ್ರ ಬಂದಿಲ್ಲ. ಒಂದೇ ಮನೆಯಲ್ಲಿದ್ದವರು. ಅಕ್ಟೋಬರಿನಿಂದ ನನಗೆ ಕನಸೇ ಇಲ್ಲ. ಮಲಗುವುದು, ಏಳುವುದು. ನಡುವೆ ಕಪ್ಪು ಹಲಗೆ.

ಬರುವುದಾದರೂ ಹೇಗೆ? ಬಂದರೆ ನಾನು ಬರೆದುಬಿಡುತ್ತೇನಲ್ಲ.

ಮಾರ್ಚ್ 2, ಭಾನುವಾರ

ಇವತ್ತು ಹೋದೆ. ಎಲ್ಲರೂ ಹೋಗುವವರೆಗೆ ಕಾದು ಪಾಸ್ಟರ್ ಹತ್ತಿರ ನಿಂತೆ. ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಮೈಕಿನ ಬ್ಯಾಟರಿ ಬದಲಾಯಿಸುತ್ತಿದ್ದರು.

"ಪಾಸ್ಟರ್, ಕನಸು ದೇವರದ್ದಾ ಅಲ್ವಾ ಅಂತ ಹೇಗೆ ಗೊತ್ತಾಗುತ್ತೆ?"

"ಬುಧವಾರದವರು ಬಂದು ನನ್ನ ಕೇಳೋದಾ? ದೊಡ್ಡಮ್ಮಂಗೆ ಗೊತ್ತಾದ್ರೆ ನನ್ನ ಕಥೆ ಮುಗೀತು." ನಕ್ಕರು. ನನ್ನ ಮುಖ ನೋಡಿ ಬ್ಯಾಟರಿ ಕೆಳಗಿಟ್ಟರು.

"ದೇವರು ಕನಸಲ್ಲಿ ಮಾತಾಡ್ತಾನೆ, ಅದನ್ನ ನಾನು ಅಲ್ಲ ಅನ್ನಲ್ಲ ಅಕ್ಕ. ಆದ್ರೆ ಬೈಬಲ್ಲಿನಲ್ಲಿ, ಜೈಲಲ್ಲಿ ಕೂತು ಬೇರೆ ಕೈದಿಗಳ ಕನಸಿಗೆ ಅರ್ಥ ಹೇಳಿದ ಆ ಹುಡುಗ ಕೂಡ, ಅರ್ಥ ನಂದಲ್ಲ, ದೇವರದ್ದು ಅಂತ ಮೊದಲೇ ಕೈ ಮುಗಿದುಬಿಟ್ಟ. ಇನ್ನೊಂದು ನೋಡಿ. ಕರ್ತನನ್ನ ಸಾಕಿದ ಆ ಬಡಗಿಗೆ ಬಿದ್ದ ಕನಸೆಲ್ಲ ಎಂಥವು? ಏಳು, ಮಗೂನ ಎತ್ಕೋ, ಹೊರಡು. ಭಯ ಬಿಟ್ಟು ಕಷ್ಟದ ಕೆಲಸಕ್ಕೆ ಏಳಿಸೋ ಕನಸುಗಳು. ನಮ್ಮ ಭಯಕ್ಕೆ ಜೋಗುಳ ಹಾಡೋ ಕನಸು ಬಂದ್ರೆ ನಾನು ಎರಡು ಸಲ ಯೋಚನೆ ಮಾಡ್ತೀನಿ."

"ಮತ್ತೆ... ದೇವರು ಹೇಳದೇ ಇದ್ದದ್ದನ್ನ ಹೇಳಿದ ಅಂತ ಒಬ್ಬರು ಬರೆದ್ರೆ?"

ಹಳೆಯ ಪ್ರವಾದಿಯೊಬ್ಬ ಇಂಥವರ ಮೇಲೆ ಕೆಂಡಕಾರಿದ್ದನ್ನು ನಾನೂ ಓದಿದ್ದೇನೆ. ಸ್ವಂತ ನಾಲಿಗೆ ಅಲ್ಲಾಡಿಸಿ, ಇದು ಆತನ ನುಡಿ ಎನ್ನುವವರ ಮೇಲೆ. ಕನಸನ್ನು ಕನಸಾಗಿಯಷ್ಟೇ ಹೇಳಬೇಕು, ಹೊಟ್ಟನ್ನು ಕಾಳಿನ ಜೊತೆ ಬೆರೆಸಬಾರದು. ಪಾಸ್ಟರ್ ಅದನ್ನು ಹೇಳಲಿಲ್ಲ.

"ಆ ಒಬ್ಬರು ಸರಿಯಾಗಿ ಊಟ ಮಾಡ್ತಿದ್ದಾರಾ?" ಅಂತ ಕೇಳಿದರು.

ಚೀಟಿ ತೆಗೆದು ತೋರಿಸಿದೆ. ಎರಡು ಸಲ ಓದಿ ಮಡಚಿ ಕೈಗಿಟ್ಟರು.

"ಸತ್ತವರ ಹತ್ತಿರ ಕ್ಷಮೆ ಕೇಳೋದು ಹೇಗೆ?" ಅಂದೆ.

"ಪಾಠದ ಉತ್ತರ ಗೊತ್ತು ಅಕ್ಕ. ಅದು ಇವತ್ತು ನಿಮಗೆ ಸಾಲಲ್ಲ." ಬ್ಯಾಟರಿ ಮತ್ತೆ ಎತ್ತಿಕೊಳ್ಳುತ್ತಾ, "ಬದುಕಿರೋರು ಯಾರಾದ್ರೂ ಆ ಸಾಲನ್ನ ನಂಬ್ಕೊಂಡು ಕೂತಿದಾರಾ?"

ಮೇಲೆ ಆರ್ಗನ್ ಕೇಳಿಸುತ್ತಿತ್ತು. ಅವಳು ಮುಂದಿನ ವಾರದ ಹಾಡು ಅಭ್ಯಾಸ ಮಾಡುತ್ತಿದ್ದಳು.

ಮಾರ್ಚ್ 9, ಭಾನುವಾರ

ಹೇಳಬಹುದಿತ್ತು. ಇವತ್ತೇ ಹೇಳಬಹುದಿತ್ತು.

ಆರ್ಗನ್ ಹುಡುಗಿಯೇ ಬಂದಳು, ನನ್ನ ಎರಡೂ ಕೈ ಹಿಡಿದಳು. "ಅಕ್ಕ, ತೀರ್ಮಾನ ಮಾಡಿದೆ. ಗುರುವಾರ ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂತ ಹೇಳ್ತೀನಿ. ನಮ್ಮನೆಯವ್ರು ಕೂಗಾಡ್ತಿದಾರೆ, ಕೂಗಾಡ್ಲಿ. ಬುಧವಾರ ಎಲ್ಲರೂ ನನಗೆ ಪ್ರಾರ್ಥನೆ ಮಾಡಿ."

ಕೈ ಎಷ್ಟು ಬೆಚ್ಚಗಿತ್ತು. ಉಗುರು ಕಚ್ಚಿ ಕಚ್ಚಿ ಇಟ್ಟಿದ್ದಾಳೆ.

"ಬುಧವಾರ ಬರ್ತೀನಿ," ಅಂದೆ. ಅಷ್ಟೇ ಅಂದೆ. ಮನೆಗೆ ಬಂದು ಎರಡು ಗಂಟೆ ಯಂತ್ರದ ಮುಂದೆ ಕೂತೆ.

ಹೇಳಿದರೆ ತಂಗಿಯ ಸಾವಿಗೆ ಅರ್ಥವಿಲ್ಲದಂತಾಗುತ್ತದೆ. ಈಗ ಎಲ್ಲರ ಬಾಯಲ್ಲಿ ಅವಳು ದೇವರ ಮಾತು ಕೇಳಿ ನೆಮ್ಮದಿಯಿಂದ ಹೋದವಳು. ಹೇಳಿದ ಮೇಲೆ ಅಕ್ಕನ ಮಾತು ಕೇಳಿ ಸತ್ತವಳು.

ಹೇಳದಿದ್ದರೆ ಇನ್ನೊಬ್ಬಳು.

ಮಾರ್ಚ್ 12, ಬುಧವಾರ. ಸಂಜೆ 6

ಹೇಳಿದೆ.

ಕ್ರಮವಾಗಿ ಬರೆಯಬೇಕು. ಏನನ್ನೂ ಚೆಂದ ಮಾಡದೆ.

ಹನ್ನೊಂದು ಜನ ಇದ್ದರು. ಹಾಡಾಯಿತು. ದೊಡ್ಡಮ್ಮ ನನ್ನ ಕಡೆ ನೋಡಿದರು, ಎದ್ದು ನಿಂತೆ. ಪುಸ್ತಕ ತೆರೆಯಲಿಲ್ಲ. ಚೀಟಿ ಓದಿದೆ. ಪೆನ್ಸಿಲಿನ ಎಂಟು ತುಂಡು ವಾಕ್ಯ. ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ, ಪುಸ್ತಕದಲ್ಲಿರುವ ಕೊನೆಯ ಸಾಲು ನನ್ನದು, ಅವಳು ಹಾಗೆ ಹೇಳಲಿಲ್ಲ, ಅವಳಿಗೆ ಏನೂ ಕೇಳಿಸಿರಲಿಲ್ಲ ಅಂದೆ.

ಯಾರೋ ಕಪ್ಪು ಕೆಳಗಿಟ್ಟ ಸದ್ದು.

ದೊಡ್ಡಮ್ಮ ಮೊದಲು ನಗಲು ನೋಡಿದರು. "ಏನೋ ದುಃಖಕ್ಕೆ ಹೀಗೆಲ್ಲ ಅನ್ಸುತ್ತೆ ಮಗು. ಪವಿತ್ರಾತ್ಮನೇ ನಿನ್ನ ಕೈಯಿಂದ ಬರೆಸಿರಬಾರದ್ಯಾಕೆ?"

"ಇಲ್ಲ ದೊಡ್ಡಮ್ಮ. ನನ್ನ ಕೈ ನನಗೆ ಗೊತ್ತು."

"ಬರೀವಾಗ ನಿನಗೆ ಏನೂ ಅನಿಸ್ಲಿಲ್ವಾ? ಒಂದು ಪ್ರೇರಣೆ..."

"ಭಯ ಅನಿಸ್ತು. ಅವಳು ಆಪರೇಷನ್‌ಗೆ ಹೋಗೋದು ನನಗೆ ಬೇಡವಾಗಿತ್ತು. ಅದಕ್ಕೇ ಬರೆದೆ."

ಅವರ ಮುಖ ನಿಧಾನವಾಗಿ ಬದಲಾಯಿತು. ಕೋಪವಲ್ಲ. ಒಂದೇ ಕ್ಷಣದಲ್ಲಿ ತುಂಬ ವಯಸ್ಸಾದವರಂತೆ ಕಂಡರು. "ಒಂಬತ್ತು ವರ್ಷ ನೀನೇ ಬರೆದಿದೀಯ," ಅಂದರು. "ಉಳಿದ ಕನಸಲ್ಲಿ ಎಷ್ಟು ಸಾಲು ನಿಂದು?"

"ಗೊತ್ತಿಲ್ಲ."

ಅದೇ ನಿಜ. ಗೊತ್ತಿಲ್ಲ.

ಒಬ್ಬರು ಅಳುತ್ತಿದ್ದರು. ಇನ್ನೊಬ್ಬರು, ನನ್ನ ಗಂಡನ ಕೆಲಸದ ಕನಸೂ ಇದೆಯಲ್ಲ ಅದರಲ್ಲಿ, ಅದೂ ಹಾಗೇನಾ, ಅಂದರು. ಮತ್ತೊಬ್ಬರು ತಮ್ಮ ಕೋಟನ್ನು ತಂಗಿಯ ಕುರ್ಚಿಯಿಂದ ಎತ್ತಿಕೊಂಡರು. ಅದು ಯಾಕೋ ಎಲ್ಲದಕ್ಕಿಂತ ಹೆಚ್ಚು ಚುಚ್ಚಿತು.

ಆರ್ಗನ್ ಹುಡುಗಿ ಎದ್ದು ಹೋದಳು. ನನ್ನ ಕಡೆ ನೋಡಲಿಲ್ಲ. ಮೆಟ್ಟಿಲು ಹತ್ತಿದ ಸದ್ದು, ಮೇಲೆ ಆರ್ಗನ್ನಿನಿಂದ ಏನೋ ಕಿತ್ತ ಸದ್ದು. ಆಮೇಲೆ ಮುಂಬಾಗಿಲು.

ಪುಸ್ತಕ ದೊಡ್ಡಮ್ಮನ ಮಡಿಲಲ್ಲಿಟ್ಟು ಬಂದೆ. ಯಾರೂ ತಡೆಯಲಿಲ್ಲ.

ಮಾರ್ಚ್ 13, ಗುರುವಾರ. ಬೆಳಿಗ್ಗೆ

ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ. ಆಗಿಲ್ಲ.

ಒಂದು ವಿಷಯ ಬಿಡದೆ ಕಾಡುತ್ತಿದೆ. ಹೋದ ವರ್ಷ ಆ ಕನಸು ಓದುವಾಗ ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ನಿಯಮದಂತೆ ಬಾಯಿ ಮುಚ್ಚಿ. ಕೊನೆಯ ಸಾಲು ಓದಿದಾಗ ಕತ್ತೆತ್ತಿ ನನ್ನನ್ನು ನೋಡಿದಳು. ಕಣ್ಣು ಸ್ವಲ್ಪ ದೊಡ್ಡದಾಯಿತು. ನಾನು ಅದನ್ನು ಬೆರಗು ಅಂದುಕೊಂಡೆ. ದೇವರ ಮಾತಿನ ಮುಂದಿನ ಬೆರಗು.

ಮನೆಗೆ ಬರುವಾಗ ಬಸ್ಸಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ, "ಚೆನ್ನಾಗಿ ಓದಿದೆ ಅಕ್ಕ," ಅಂದಳು. ಬೇರೆ ಏನೂ ಅನ್ನಲಿಲ್ಲ. ಆಮೇಲೂ ಯಾವತ್ತೂ ಆ ಕನಸಿನ ಮಾತೆತ್ತಲಿಲ್ಲ. ಏಳು ತಿಂಗಳು.

ಅವಳಿಗೆ ನೆನಪಿತ್ತೇ ಕೇಳಿಸಲಿಲ್ಲವೆಂದು? ನಿದ್ದೆಗಣ್ಣಿನಲ್ಲಿ ಹೇಳಿದ್ದು, ಮರೆತಿರಬಹುದು. ಅಕ್ಕ ಬರೆದಿದ್ದಾಳೆ ಅಂದ ಮೇಲೆ ನಾನು ಹೇಳಿರಲೇಬೇಕು ಅಂದುಕೊಂಡಿರಬಹುದು. ಮರೆತಿದ್ದಳು. ಮರೆತೇ ಇದ್ದಳು.

ಅಂಚಿನಲ್ಲಿ ಒಂದು ಪ್ರಶ್ನೆ ಹಾಕುತ್ತೇನೆ. ಉತ್ತರಿಸುವವರಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಮೆಸೇಜ್. "ಒಳಗೆ ಹೋಗ್ತಿದೀನಿ." ಅಕ್ಕ ಅಂತ ಇರಲಿಲ್ಲ.

ಪ್ರೂಫಿನ ಒಂದು ಪುಟವನ್ನು ನಾಲ್ಕು ಸಲ ಓದಿದೆ. ಹಿರಿಯರು ನನ್ನ ಪುಟಗಳನ್ನು ಎಳೆದುಕೊಂಡು ತಾವೇ ನೋಡಿದರು.

ಮೂರೂವರೆಗೆ ಪಾಸ್ಟರ್ ಫೋನು. ಆಪರೇಷನ್ ಆಯಿತು, ಎಚ್ಚರವಾಗಿದ್ದಾಳೆ, ಪಿಸುಮಾತಿನಲ್ಲಿ ಮಾತಾಡುತ್ತಿದ್ದಾಳೆ. ಹಾಡಲು ಆಗುತ್ತದೋ ಇಲ್ಲವೋ ಈಗಲೇ ಹೇಳಲು ಬರುವುದಿಲ್ಲವಂತೆ.

"ನೀವು ಊಟ ಮಾಡಿದ್ರಾ?" ಅಂದರು.

ಖುಷಿಯಾಯಿತು. ಸುಳ್ಳಲ್ಲ. ಆದರೆ ಖುಷಿಯ ಬೆನ್ನಿಗೇ ಇನ್ನೊಂದು ಬಂತು, ನಾಚಿಕೆಯಿಲ್ಲದ್ದು: ಹಾಗಾದರೆ ತಂಗಿಯೂ ಏಪ್ರಿಲ್ 9ಕ್ಕೆ ಒಳಗೆ ಹೋಗಿ, ಮಧ್ಯಾಹ್ನ ಮೂರೂವರೆಗೆ ಎಚ್ಚರವಾಗಿ, ಪಿಸುಮಾತಿನಲ್ಲಿ, ಅಕ್ಕ, ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೀಯಾ...

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 5.50

ಬಂದಿದ್ದಳು.

ಕನಸನ್ನು ಕನಸಾಗಿಯೇ ಬರೆಯುತ್ತೇನೆ. ಪೆನ್ಸಿಲ್.

ಮುಂದಿನ ಕೋಣೆ. ಹಗಲು. ಅವಳು ಮಂಡಿಯೂರಿ ನೆಲದಲ್ಲಿ ಏನೋ ಹುಡುಕುತ್ತಿದ್ದಳು. ಪಿನ್ನಿನ ಡಬ್ಬಿ ಅನಿಸಿತು, ಗೊತ್ತಿಲ್ಲ. ಹಳೆಯ ಹಸಿರು ಸ್ವೆಟರ್. ನನ್ನ ಕಡೆ ಬೆನ್ನು. ಕರೆಯಬೇಕೆಂದಿದ್ದೆ, ಕರೆದೆನೋ ಇಲ್ಲವೋ ನೆನಪಿಲ್ಲ. ಮುಖ ಕಾಣಲಿಲ್ಲ. ಬೆಳಕು ಇತ್ತು, ಕಿಟಕಿಯದ್ದು. ಬರೀ ಕಿಟಕಿಯದ್ದು. ಅವಳು ಏನೂ ಹೇಳಲಿಲ್ಲ.

ಏನೂ ಹೇಳಲಿಲ್ಲ.

ಒಂದು ಸಾಲು ಬಂದು ಬಾಗಿಲಲ್ಲಿ ನಿಂತಿದೆ, ತುಂಬ ಒಳ್ಳೆಯ ಸಾಲು, ಬರೆದರೆ ಉಳಿದ ಬದುಕಿಗೆ ಸಾಕಾಗುವಂಥದ್ದು. ಬರೆಯುವುದಿಲ್ಲ.

ಕರ್ತನೇ, ನೀನು ಸುಮ್ಮನಿರುವಾಗ ಸುಮ್ಮನಿರಲು ಕಲಿಸು.

ಮಾರ್ಚ್ 22, ಶನಿವಾರ. ಮಧ್ಯಾಹ್ನ 2.15

ಕೋಟು ಕೊಟ್ಟುಬಿಡೋಣವೆಂದು ಬೆಳಿಗ್ಗೆಯೇ ಮಡಚಿ ಕಾಗದದಲ್ಲಿ ಸುತ್ತಿಟ್ಟೆ. ಪಿನ್ನುಗಳನ್ನು ಹಾಗೇ ಬಿಟ್ಟೆ. ಅವಳು ಚುಚ್ಚಿದವು, ತೆಗೆಯಲು ಮನಸ್ಸಾಗಲಿಲ್ಲ.

ಎದುರುಮನೆಯವಳು ಬೇಕರಿಯಿಂದ ಬಂದ ಸದ್ದು ಕೇಳಿ ಬಾಗಿಲು ತೆರೆದೆ. ಹುಬ್ಬಿನ ಮೇಲೆ ಹಿಟ್ಟು. ಪೊಟ್ಟಣ ನೋಡಿದವಳೇ ಅದೇನೆಂದು ತಿಳಿದುಕೊಂಡಳು.

"ಈಗ ಯಾಕ್ರೀ, ಚಳಿಯೇ ಹೋಯ್ತು," ಅಂದಳು. ಆದರೆ ಎರಡೂ ಕೈಯಿಂದ ತೆಗೆದುಕೊಂಡಳು, ಮಗುವನ್ನು ತೆಗೆದುಕೊಳ್ಳುವ ಹಾಗೆ.

"ಇನ್ನೊಂದು ತೋಳು ಹಾಕೋಕೆ ನನಗೆ ಬರಲ್ಲ," ಅಂದೆ.

"ಒಂದು ತೋಳಲ್ಲೇ ಹಾಕ್ಕೋತೀನಿ ಬಿಡಿ. ಹೊಸ ಫ್ಯಾಷನ್."

ನಗಲು ಹೋಗಿ ಅತ್ತುಬಿಟ್ಟೆ. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಚೀಟಿ, ಸಾಲು, ಬುಧವಾರ. ಅವಳು ಯಾವ ಚರ್ಚಿಗೂ ಹೋಗುವವಳಲ್ಲ. ಕನಸು, ಅರ್ಥ, ಇದೆಲ್ಲ ಹೇಗೆ ಕೇಳಿಸುತ್ತದೋ ಅಂದುಕೊಂಡೆ. ಅವಳು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೇಳಿದಳು. ಒಂದು ಕಡೆಯೂ ಆಶ್ಚರ್ಯಪಡಲಿಲ್ಲ. ಅದನ್ನು ನಾನು ತಡವಾಗಿ ಗಮನಿಸಿದೆ.

"ನಿನಗೆ ಗೊತ್ತಿತ್ತಾ?" ಅಂದೆ.

ದಾರವನ್ನು ಬೆರಳಿನಿಂದ ಪೂರ್ತಿ ಬಿಚ್ಚಿದಳು. ಆಮೇಲೆ ಹೇಳಿದ್ದು, ಅವಳ ಮಾತಿನಲ್ಲೇ, ಒಂದಕ್ಷರ ಮುಟ್ಟದೆ:

"ಈ ಕೋಟಿಗೆ ಅಳತೆ ತಗೊಳ್ಳೋವಾಗ ನಿಮ್ಮ ತಂಗಿ ಹೇಳಿದ್ಲು ಪಂಡಿತಮ್ಮ. ಬಾಯಲ್ಲಿ ಪಿನ್ನು ಕಚ್ಕೊಂಡೇ. ಕನಸಲ್ಲಿ ನನಗೇನೂ ಕೇಳಿಸ್ಲಿಲ್ಲ ಕಣೇ, ಅದು ಅಕ್ಕ ಬರೆದಿದ್ದು ಅಂತ. ಅಯ್ಯೋ, ಹಾಗಾದ್ರೆ ಅಲ್ಲೇ ಎದ್ದು ಹೇಳೋದಲ್ವಾ ಅಂದೆ ನಾನು. ಪಿನ್ನೆಲ್ಲ ತೆಗೆದು ಕೈಲಿಟ್ಕೊಂಡು ನಕ್ಲು. 'ಅಷ್ಟು ಜನರ ಮುಂದೆ ಅಕ್ಕನ್ನ ತಪ್ಪು ಅನ್ನೋದಾ? ಎಷ್ಟು ಆಸೆಯಿಂದ ಓದಿದ್ಲು ಗೊತ್ತಾ ನಿಂಗೆ' ಅಂದ್ಲು."